1/48 ಸ್ಪಿಟ್‌ಫೈರ್‌ಗೆ ಮೊದಲು ಯಾವ ಆಫ್ಟರ್‌ಮಾರ್ಕೆಟ್ ಭಾಗ ಕೊಳ್ಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ನಾಲ್ಕು ಕಿಟ್‌ಗಳನ್ನು ಡಬ್ಬಿಯಲ್ಲಿ ಇದ್ದದ್ದಷ್ಟನ್ನೇ ಬಳಸಿ ಮುಗಿಸಿದ್ದೀರಿ. ಈಗ ಐದನೆಯದಾಗಿ 1/48 ಅಳತೆಯ, ಅಂದರೆ ನಿಜದ್ದರ 48ರಲ್ಲಿ ಒಂದು ಪಾಲಿನ, ಸ್ಪಿಟ್‌ಫೈರ್ ಮಾರ್ಕ್ 9 (ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ) ತಂದಿದ್ದೀರಿ. ಅದಕ್ಕೆಂದೇ ಬಿಡಿಯಾಗಿ ಮಾರುವ ಆಫ್ಟರ್‌ಮಾರ್ಕೆಟ್ ಭಾಗಗಳಲ್ಲಿ ರೆಸಿನ್ (ಅಚ್ಚಿನಲ್ಲಿ ಎರಕ ಹೊಯ್ದ ರಾಳ) ಕಾಕ್‌ಪಿಟ್, ಹಿತ್ತಾಳೆಯ ಫೋಟೋ-ಎಚ್ (ರಾಸಾಯನಿಕದಿಂದ ಕೊರೆದ ತೆಳು ಲೋಹದ ಹಾಳೆ), ಲೋಹದ ಬ್ಯಾರೆಲ್, ಇಳಿಬಿಟ್ಟ ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಹಲಗೆ) ಅಂತ ನೂರೆಂಟು ಸೆಟ್ ಕಂಡು ತಲೆ ತಿರುಗಿದೆ. ಇವೆಲ್ಲ ಇಲ್ಲದಿದ್ದರೆ ಮಾಡೆಲ್ ಅರೆಬರೆಯೇ, ಕೊಳ್ಳುವುದಾದರೆ ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಸೀಟ್ ಬೆಲ್ಟ್‌ನಿಂದ ಶುರು ಮಾಡಿ. ಈ ಒಂದು ಕಿಟ್‌ಗೆ ಅದರ ಜೊತೆಗೆ ಒಂದು ಜೊತೆ ರೆಸಿನ್ ಚಕ್ರ ಸಾಕು. ಉಳಿದದ್ದನ್ನು ಯಾಕೆ ಬೇಡ ಅನ್ನುತ್ತೇನೆ ಅನ್ನುವುದೇ ದೊಡ್ಡ ಕಥೆ.

ನಾನು ಮೊದಲು ಕೊಂಡದ್ದು ಪೂರ್ತಿ ರೆಸಿನ್ ಕಾಕ್‌ಪಿಟ್. ಕಿಟ್‌ಗಿಂತ ಅದಕ್ಕೇ ಹೆಚ್ಚು ಕೊಟ್ಟಿದ್ದೆ, ಮೂಗಿಗಿಂತ ಮೂಗುತಿ ಭಾರ. ಎರಕ ಮಾತ್ರ ಕಣ್ಣಿಗೆ ಹಬ್ಬ: ಒಂದೊಂದು ಸ್ವಿಚ್ಚೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೂರಿಸಲು ಹೋದಾಗ ಗೊತ್ತಾಯಿತು, ಅದು ಒಡಲಿನೊಳಗೆ ಹಿಡಿಸುವುದೇ ಇಲ್ಲ ಅಂತ. ಕಾರಣ ಸರಳ. ಕಿಟ್‌ನ ಪ್ಲಾಸ್ಟಿಕ್ ಗೋಡೆ ಸುಮಾರು 1 ಮಿ.ಮೀ. ದಪ್ಪ. 48ರಿಂದ ಗುಣಿಸಿದರೆ 48 ಮಿ.ಮೀ., ಅಂದರೆ ನಮ್ಮ ಪುಟ್ಟ ವಿಮಾನದ ಚರ್ಮ ಲೆಕ್ಕದಲ್ಲಿ ಎರಡು ಇಂಚು ದಪ್ಪ! ನಿಜವಾದ ವಿಮಾನದ ತಗಡು ಒಂದು ಮಿ.ಮೀ. ಆಸುಪಾಸು. ಒಳಗಿನ ಭಾಗಗಳನ್ನು ನಿಜದ ಅಳತೆಗೆ ಹತ್ತಿರವಾಗಿ ಮಾಡಿದರೆ ಅವಕ್ಕೆ ಜಾಗ ಸಿಗುವುದು ಗೋಡೆಯನ್ನು ಒಳಗಿನಿಂದ ಕೆರೆದು ತೆಳ್ಳಗೆ ಮಾಡಿದಾಗ ಮಾತ್ರ. ಹಾಗೇ ಕೆರೆದೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವವರೆಗೆ ಕೆರೆದೆ. ಒಂದು ಕಡೆ ತೂತೇ ಬಿತ್ತು. ಅದನ್ನು ಪುಟ್ಟಿ ಹಾಕಿ ಮುಚ್ಚಿ, ಉಜ್ಜಿ, ಅಳಿಸಿಹೋದ ಪ್ಯಾನೆಲ್ ಗೆರೆ ಮತ್ತೆ ಕೊರೆದು, ಒಡಲಿನ ಎರಡು ಹೋಳು ಸೇರಿಸುವಷ್ಟರಲ್ಲಿ ಎರಡು ತಿಂಗಳು ಹೋಗಿತ್ತು. ಕೊನೆಗೆ ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ಮುಚ್ಚಿದೆ. ಈಗ ಅದನ್ನು ಯಾರಿಗಾದರೂ ತೋರಿಸಬೇಕೆಂದರೆ ಮೊಬೈಲ್ ಟಾರ್ಚ್ ಹಿಡಿಯಬೇಕು!

ಅಲ್ಲಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಯಾವ ಸೆಟ್ ಕೊಳ್ಳುವ ಮೊದಲೂ ಒಡಲಿನ ಎರಡು ಹೋಳುಗಳನ್ನು ಟೇಪ್ ಹಾಕಿ ಜೋಡಿಸುತ್ತೇನೆ, ಕ್ಯಾನೊಪಿ ಇಡುತ್ತೇನೆ, ಮಾಡೆಲನ್ನು ಕಪಾಟಿನಲ್ಲಿ ಅದು ಕೊನೆಗೆ ನಿಲ್ಲುವ ಎತ್ತರದಲ್ಲೇ ಇಟ್ಟು ನೋಡುತ್ತೇನೆ. ಕಂಡದ್ದಕ್ಕೆ ದುಡ್ಡು, ಕಾಣದ್ದಕ್ಕೆ ಬಣ್ಣ ಮಾತ್ರ.

ನಿಮ್ಮ ಸ್ಪಿಟ್‌ಫೈರ್‌ಗೆ ಇದನ್ನೇ ಹಚ್ಚಿ ನೋಡೋಣ. ಅದರ ಕಾಕ್‌ಪಿಟ್ ಬಾಯಿ ಈ ಅಳತೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲ. ಕ್ಯಾನೊಪಿ ಮುಚ್ಚಿದರೆ ಕಾಣುವುದು ಸೀಟಿನ ಮೇಲ್ಭಾಗ, ಬೆಲ್ಟು, ಗುರಿಕನ್ನಡಿ, ಇನ್‌ಸ್ಟ್ರುಮೆಂಟ್ ಪ್ಯಾನೆಲ್‌ನ ಮೇಲಿನ ಅಂಚು, ಅಷ್ಟೇ. ಕ್ಯಾನೊಪಿ ಹಿಂದಕ್ಕೆ ಸರಿಸಿ ಎಡಗಡೆಯ ಪುಟ್ಟ ಬಾಗಿಲು ಇಳಿಬಿಟ್ಟರೆ ಬಲಗೋಡೆಯೂ ಒಂದಿಷ್ಟು ಕಾಣುತ್ತದೆ. ಕೆಳಗೇನೂ ಕಾಣದು. ಕಾಣುವುದಕ್ಕೂ ಏನಿಲ್ಲ, ಸ್ಪಿಟ್‌ಫೈರ್‌ಗೆ ಸರಿಯಾದ ನೆಲಹಾಸೇ ಇರಲಿಲ್ಲ. ಪೈಲಟ್ ಹಿಮ್ಮಡಿ ಊರಲು ಎರಡು ಪಟ್ಟಿ ಇದ್ದವು, ಅವುಗಳ ಕೆಳಗೆ ಕತ್ತಲು. ಬ್ರಿಟಿಷರ ಆ ಬೂದುಹಸಿರು ಬಳಿದು ಗಾಢ ಬಣ್ಣದ ವಾಶ್ (ಸಂದುಗಳಲ್ಲಿ ಇಳಿದು ನಿಲ್ಲುವ ನೀರಾದ ಬಣ್ಣ) ಕೊಟ್ಟರೆ ಕಿಟ್‌ನ ಗೋಡೆಗಳೇ ಧಾರಾಳವಾಗಿ ಸಾಕು.

ಹಾಗಾದರೆ ಬೆಲ್ಟ್ ಯಾಕೆ? ಮೇಲಿಂದ ನೋಡುವ ಕಣ್ಣು ನೆಟ್ಟಗೆ ಹೋಗಿ ನಿಲ್ಲುವುದು ಸೀಟಿನ ಮೇಲೆ. ನಿಜವಾದ ಬೆಲ್ಟು ಸುಮಾರು 50 ಮಿ.ಮೀ. ಅಗಲ ಅಂದುಕೊಳ್ಳಿ, 1/48ರಲ್ಲಿ ಅದು 1 ಮಿ.ಮೀ. ದಪ್ಪವೋ, ಮಿಲಿಮೀಟರಿನ ಹತ್ತರಲ್ಲೊಂದು ಪಾಲೂ ಇಲ್ಲ. ಪ್ಲಾಸ್ಟಿಕ್ ಎರಕದಲ್ಲಿ ಅಷ್ಟು ತೆಳು ಬರುವುದಿಲ್ಲ. ಅದಕ್ಕೇ ಕಿಟ್‌ಗಳಲ್ಲಿ ಬೆಲ್ಟ್ ಇರುವುದೇ ಇಲ್ಲ, ಇಲ್ಲವಾದರೆ ಸೀಟಿಗೇ ಅಂಟಿಕೊಂಡ ಉಬ್ಬುಗೆರೆಯಾಗಿ ಇರುತ್ತದೆ, ಇಲ್ಲವಾದರೆ ಡೀಕಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಮುದ್ರಿತ ಚಿತ್ರ. ಹಿತ್ತಾಳೆ ಅಥವಾ ಉಕ್ಕಿನ ತೆಳು ಹಾಳೆಯಲ್ಲಿ ಎಚ್ ಮಾಡಿ, ಬಣ್ಣವನ್ನೂ ಮುದ್ರಿಸಿದ ಬೆಲ್ಟ್‌ಗಳು ಸಿಗುತ್ತವೆ. ಬಟ್ಟೆಯಂತೆ ಬಾಗುವ ಹಾಳೆಯಲ್ಲಿ ಮಾಡಿದವೂ ಇವೆ, ಬಾಗಿಸಲು ಅವು ಇನ್ನೂ ಸುಲಭ, ಆದರೆ ಬಕಲ್‌ಗಳನ್ನು ಪೋಣಿಸಲು ಮುನಿಯ ತಾಳ್ಮೆ ಬೇಕು. ಮೊದಲ ಸಲಕ್ಕೆ ಬಣ್ಣ ಬಂದಿರುವ ಲೋಹದ್ದೇ ಇರಲಿ. ಸ್ಪಿಟ್‌ಫೈರ್‌ಗೆ ನಾಲ್ಕು ಪಟ್ಟಿಯ ಸಟನ್ ಬೆಲ್ಟ್ ಬೇಕು. ಸೆಟ್‌ನ ಮೇಲೆ ಆ ಹೆಸರಿದೆಯೇ ನೋಡಿ. ಅಂಟಿಸುವಾಗ ಸೀಟಿಗೆ ಅಂಗಾತ ಮಲಗಿಸಬೇಡಿ. ಬಟ್ಟೆ ಜೋತುಬೀಳುವಂತೆ ಒಂದು ಪಟ್ಟಿಯನ್ನು ಸೀಟಿನ ಅಂಚಿನಿಂದ ಇಳಿಬಿಡಿ. ಜೀವ ಬರುವುದು ಅಲ್ಲೇ.

ಮೊದಲು ನಿಮ್ಮ ಡಬ್ಬಿ ತೆರೆದು ನೋಡಿದ್ದೀರಾ? ಎಡುವಾರ್ಡ್ ಕಂಪನಿಯ ಪ್ರೊಫಿಪ್ಯಾಕ್ ಡಬ್ಬಿಯಾದರೆ ಫೋಟೋ-ಎಚ್ ಹಾಳೆ, ಕ್ಯಾನೊಪಿ ಮಾಸ್ಕ್ (ಬಣ್ಣ ಹೊಡೆಯುವಾಗ ಗಾಜಿನ ಭಾಗ ಮುಚ್ಚುವ ಅಂಟುಹಾಳೆ) ಎರಡೂ ಅದರಲ್ಲೇ ಇರುತ್ತವೆ. ಅದೇ ಕಿಟ್‌ನ ವೀಕೆಂಡ್ ಡಬ್ಬಿಯಲ್ಲಿ ಇರುವುದಿಲ್ಲ. ಇದ್ದದ್ದನ್ನೇ ಮತ್ತೆ ಕೊಂಡವರನ್ನು ನೋಡಿದ್ದೇನೆ. (ಕನ್ನಡಿಯಲ್ಲಿ.)

ಇನ್ನು ಚಕ್ರ. ಕಿಟ್ ಚಕ್ರ ಸಾಮಾನ್ಯವಾಗಿ ಎರಡು ಹೋಳು. ಅಂಟಿಸಿ ಜೋಡು ಉಜ್ಜಿದರೆ ಟೈರಿನ ಗೆರೆಗಳೂ ಅದರ ಜೊತೆಗೇ ಹೋಗುತ್ತವೆ. ರೆಸಿನ್ ಚಕ್ರ ಒಂದೇ ತುಂಡು, ಭಾರಕ್ಕೆ ಕೆಳಗೆ ಕೊಂಚ ಚಪ್ಪಟೆಯಾಗಿರುತ್ತದೆ, ಎಷ್ಟೋ ಸೆಟ್‌ಗಳಲ್ಲಿ ಟೈರು ಮತ್ತು ಹಬ್ ಬೇರೆ ಬೇರೆ ಬಣ್ಣ ಬಳಿಯಲು ಮಾಸ್ಕ್ ಕೂಡ ಇರುತ್ತದೆ. ಕೆಲಸ ಹತ್ತು ನಿಮಿಷ, ಹಳೆಯದರ ಜಾಗಕ್ಕೆ ಹೊಸದು, ಗೋಡೆ ಕೆರೆಯುವ ಮಾತೇ ಇಲ್ಲ. ಎರಡು ಎಚ್ಚರಿಕೆ. ಸ್ಪಿಟ್‌ಫೈರ್ ಚಕ್ರದ ಅರಗಳ ಸಂಖ್ಯೆ ಎಲ್ಲ ವಿಮಾನಗಳಲ್ಲೂ ಒಂದೇ ಅಲ್ಲ, ನೀವು ಕಟ್ಟುವ ವಿಮಾನದ ಫೋಟೋ ನೋಡಿಯೇ ಕೊಳ್ಳಿ. ಮತ್ತೆ, ಕಾಲುಗಳು ಓರೆಯಾಗಿ ನಿಲ್ಲುವುದರಿಂದ ಚಪ್ಪಟೆ ಭಾಗ ನೆಲಕ್ಕೆ ಸರಿಯಾಗಿ ಕೂರಬೇಕು. ಅಂಟು ಒಣಗುವ ಮೊದಲೇ ಮಾಡೆಲನ್ನು ಗಾಜಿನ ಮೇಲೆ ನಿಲ್ಲಿಸಿ ತಿರುಗಿಸಿ ಸರಿಮಾಡಿಕೊಳ್ಳಿ.

ಇಳಿಬಿಟ್ಟ ಫ್ಲಾಪ್ ಸೆಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಹಿತ್ತಾಳೆಯ ಸಾಲುಸಾಲು ಪಕ್ಕೆಲುಬು ನೋಡಲು ಚಂದ, ಮಾರಾಟವೂ ಚೆನ್ನಾಗಿದೆ. ಆದರೆ ಸ್ಪಿಟ್‌ಫೈರ್‌ನ ಫ್ಲಾಪ್‌ಗೆ ಇದ್ದದ್ದು ಎರಡೇ ಸ್ಥಿತಿ, ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ. ಇಳಿದ ಕೂಡಲೇ ಪೈಲಟ್ ಅದನ್ನು ಮೇಲೆತ್ತಿಬಿಡುತ್ತಿದ್ದ, ಯಾಕೆಂದರೆ ಇಳಿಬಿಟ್ಟ ಫ್ಲಾಪ್ ರೆಕ್ಕೆಯಡಿಯ ರೇಡಿಯೇಟರ್‌ನ ಗಾಳಿಗೆ ಅಡ್ಡ, ನೆಲದ ಮೇಲೆ ಎಂಜಿನ್ ಕಾಯಲು ಅಷ್ಟೇ ಸಾಕು. ಹಾಗಾಗಿ ನಿಂತಿರುವ ಸ್ಪಿಟ್‌ಫೈರ್‌ನ ಹಳೆಯ ಫೋಟೋಗಳಲ್ಲಿ ಫ್ಲಾಪ್ ಕೆಳಗಿರುವುದು ಅಪರೂಪ. ರಿಪೇರಿಯಲ್ಲಿರುವ ವಿಮಾನ ಮಾಡುವುದಾದರೆ ಸರಿ, ಆಗ ರೆಕ್ಕೆಯ ಮೇಲಿನ ಪುಟ್ಟ ಸೂಚಕ ಬಾಗಿಲುಗಳನ್ನೂ ತೆರೆದಿಡಬೇಕು. ಪಿ-51 ಮಸ್ಟಾಂಗ್ ಆಗಿದ್ದರೆ ನನ್ನ ಮಾತು ಬೇರೆಯೇ: ಹೈಡ್ರಾಲಿಕ್ ಒತ್ತಡ ಇಳಿದಂತೆ ಅದರ ಫ್ಲಾಪ್ ತಾನಾಗಿ ಜೋತುಬೀಳುತ್ತದೆ, ನಿಂತ ವಿಮಾನಕ್ಕೆ ಅದೇ ಸಹಜ.

ಲೋಹದ ಬ್ಯಾರೆಲ್‌ನದೂ ಇದೇ ಕಥೆ. ಲೇತ್‌ನಲ್ಲಿ ಕಡೆದ ಹಿತ್ತಾಳೆ ಬ್ಯಾರೆಲ್‌ಗಳನ್ನು ಕಂಡರೆ ನನಗೆ ಪ್ರಾಣ, ಪೋಲೆಂಡಿನ ಮಾಸ್ಟರ್ ಕಂಪನಿಯವಂತೂ ಆಭರಣದ ಹಾಗಿರುತ್ತವೆ. ಎಂಟು ಬಂದೂಕುಗಳು ಹೊರಚಾಚಿದ ಪಿ-47ಕ್ಕೆ ಹಾಕಿದರೆ ಮಾಡೆಲ್ ಮುಖವೇ ಬದಲಾಗುತ್ತದೆ. ಮಾರ್ಕ್ 9ರಲ್ಲಿ 20 ಮಿ.ಮೀ. ಫಿರಂಗಿಯ ಬಹುಪಾಲು ಕವಚದೊಳಗೇ ಅಡಗಿದೆ. 20ನ್ನು 48ರಿಂದ ಭಾಗಿಸಿ, 0.4 ಮಿ.ಮೀ. ಡ್ರಿಲ್‌ನಿಂದ ಕಿಟ್ ಬ್ಯಾರೆಲ್‌ನ ತುದಿ ಕೊರೆಯಿರಿ, ಮುಗಿಯಿತು. ಸಣ್ಣ ಬಂದೂಕುಗಳ ಬಾಯಿಗೆ ಹಾರುವ ಮೊದಲು ಕೆಂಪು ಬಟ್ಟೆ ತುಂಡು ಅಂಟಿಸುತ್ತಿದ್ದರು, ಅದಕ್ಕೆ ಡೀಕಲ್ ಸಾಕು. ಎಕ್ಸಾಸ್ಟ್ ಕೊಳವೆಗಳ ತುದಿಯನ್ನೂ ಅದೇ ಡ್ರಿಲ್‌ನಲ್ಲಿ ಟೊಳ್ಳು ಮಾಡಬಹುದು. ಕೈ ನಡುಗಿ ಕೆಟ್ಟರೆ ಮಾತ್ರ ರೆಸಿನ್‌ದು ತರಿಸಿ. ಆಂಟೆನಾ ತಂತಿ ಸೆಟ್ ಕೂಡ ಬೇಡ, ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ರೇಡಿಯೋ ಬಂದ ಮೇಲೆ ಕಂಬದಿಂದ ಬಾಲಕ್ಕೆ ತಂತಿ ಎಳೆಯುವ ಅಗತ್ಯ ಇರಲಿಲ್ಲ. ಬೇಕೇ ಬೇಕೆನಿಸಿದರೆ ಚಕ್ರದ ಕಾಲಿಗೆ ಬ್ರೇಕ್ ಪೈಪ್ ಹಾಕಿ, ಕೆಟ್ಟ ಚಾರ್ಜರ್ ವಯರಿನೊಳಗಿನ ತಾಮ್ರದ ಎಳೆ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಮುಂದೆ ಬೇರೆ ವಿಮಾನಕ್ಕೆ ಆರಿಸುವಾಗ ನನ್ನ ಅಳತೆಗೋಲು ಇದು: ನಿಜದಲ್ಲಿ ತಗಡಾಗಿದ್ದುದಕ್ಕೆ ಫೋಟೋ-ಎಚ್, ಉರುಟಾಗಿ ಗಟ್ಟಿಯಾಗಿದ್ದುದಕ್ಕೆ ರೆಸಿನ್. ರೇಡಿಯೇಟರ್ ಜಾಲರಿ, ಬೆಲ್ಟ್, ಗುರಿಯ ಬಳೆ ಹಿತ್ತಾಳೆಯಲ್ಲಿ ಸೊಗಸು. ಅದೇ ಹಿತ್ತಾಳೆಯಲ್ಲಿ ಥ್ರಾಟಲ್ ಗುಬ್ಬಿ ಮಾಡಿದರೆ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಇನ್‌ಸ್ಟ್ರುಮೆಂಟ್ ಪ್ಯಾನೆಲ್‌ಗೆ ಈಗ ಡೀಕಲ್ ಮೇಲೆಯೇ ಉಬ್ಬಾಗಿ ಮುದ್ರಿಸಿ ಬರುವ 3ಡಿ ಹಾಳೆಗಳಿವೆ. ಬಣ್ಣ, ಗಾಜಿನ ಹೊಳಪು ಎಲ್ಲ ಬಂದಿರುತ್ತದೆ, ಕಿಟ್ ಪ್ಯಾನೆಲ್‌ನ ಉಬ್ಬುಗಳನ್ನು ಉಜ್ಜಿ ಸಮ ಮಾಡಿ ಅಂಟಿಸಿದರಾಯಿತು. ತೆರೆದ, ದೊಡ್ಡ ಕಾಕ್‌ಪಿಟ್‌ನ ಜೆಟ್ ಕಟ್ಟುವಾಗ ನಾನು ಕಣ್ಣುಮುಚ್ಚಿ ಅದನ್ನೇ ಆರಿಸುತ್ತೇನೆ. ಅಲ್ಲಿ ಇಜೆಕ್ಷನ್ ಸೀಟ್ ಕೂಡ ರೆಸಿನ್‌ದೇ ಇರಲಿ. ಮೂತಿಯ ಕೆಳಗೆ ಚಕ್ರವಿರುವ ವಿಮಾನಕ್ಕೆ ಬಾಲದಲ್ಲಿ ದೊಡ್ಡ ರೆಸಿನ್ ಎಕ್ಸಾಸ್ಟ್ ಹಾಕಿದರೆ ಮಾತ್ರ ಮೂತಿಗೆ ಕಿಟ್ ಹೇಳಿದ್ದಕ್ಕಿಂತ ಹೆಚ್ಚು ತೂಕ ತುಂಬಿಸಬೇಕು, ಇಲ್ಲದಿದ್ದರೆ ಕುಂಡೆ ಊರಿ ಕೂರುತ್ತದೆ. ಒಡಲು ಅಂಟಿಸುವ ಮೊದಲೇ ಟೇಪ್ ಹಾಕಿ ತೂಗಿ ನೋಡಿ. ಆ ಹೆಚ್ಚಿನ ಭಾರಕ್ಕೆ ಪ್ಲಾಸ್ಟಿಕ್ ಕಾಲು ಬಾಗಬಹುದು ಅನ್ನಿಸಿದರೆ ಹಿತ್ತಾಳೆಯ ಕಾಲು ಒಳ್ಳೆಯದು. ಬಿಳಿಲೋಹದ್ದು ಮೆತ್ತಗೆ, ನನಗಂತೂ ಅದರ ಮೇಲೆ ನಂಬಿಕೆ ಇಲ್ಲ.

ಈಗ ಕೈಕೆಲಸ. ರೆಸಿನ್‌ಗೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯುವುದಿಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ಅಂಟು, ರೆಸಿನ್ ಅದರಲ್ಲಿ ಕರಗದು. ಸೂಪರ್ ಗ್ಲೂ ಅಥವಾ ಎಪಾಕ್ಸಿ ಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಎರಕದ ಬುಡವನ್ನು ತೆಳು ಗರಗಸದಿಂದ ನಿಧಾನವಾಗಿ ಕತ್ತರಿಸಿ. ಮೂಗು-ಬಾಯಿಗೆ ಮಾಸ್ಕ್ ಹಾಕಿಕೊಂಡು ನೀರು ಹಾಕಿಯೇ ಉಜ್ಜಿ, ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಇದೊಂದು ವಿಷಯದಲ್ಲಿ ಉದಾಸೀನ ಬೇಡ. 3ಡಿ ಪ್ರಿಂಟ್ ಆದ ಭಾಗಗಳು ಹಪ್ಪಳದ ಹಾಗೆ ಮುರಿಯುತ್ತವೆ, ಅವುಗಳ ಆಸರೆ ಕಡ್ಡಿಗಳನ್ನು ತಿರುಚದೆ ಹರಿತವಾದ ಬ್ಲೇಡಿನಿಂದ ಒಂದೊಂದೇ ಕತ್ತರಿಸಿ.

ಫೋಟೋ-ಎಚ್ ಭಾಗವನ್ನು ಗಾಜು ಅಥವಾ ಗಟ್ಟಿ ಟೈಲ್ ಮೇಲಿಟ್ಟು ಕತ್ತರಿಸಿ, ಕಟಿಂಗ್ ಮ್ಯಾಟ್ ಮೆತ್ತಗಿರುವುದರಿಂದ ಭಾಗ ಬಾಗಿಬಿಡುತ್ತದೆ. ಕತ್ತರಿಸುವ ಮೊದಲು ಮೇಲೊಂದು ಟೇಪ್ ಅಂಟಿಸಿ, ಚಿಮ್ಮಿಹೋದ ಬಕಲ್ ಸಿಗುವುದು ಮನೆ ಖಾಲಿ ಮಾಡುವ ದಿನವೇ. ಮಡಿಸುವ ಗೆರೆ ಸಾಮಾನ್ಯವಾಗಿ ಮಡಿಕೆಯ ಒಳಬದಿಗೆ ಬರಬೇಕು. ಬರಿಯ ಹಿತ್ತಾಳೆ ತುಂಬಾ ಬಿರುಸಾಗಿದ್ದರೆ ಜ್ವಾಲೆಗೆ ಹಿಡಿದು ಬಣ್ಣ ತಿರುಗಿದ ಮೇಲೆ ಆರಲು ಬಿಡಿ, ಮೆತ್ತಗಾಗುತ್ತದೆ. ಬಣ್ಣ ಮುದ್ರಿಸಿದ್ದಕ್ಕೆ ಈ ಉಪಾಯ ಮಾಡಲು ಹೋಗಬೇಡಿ, ಸುಟ್ಟು ಕರಕಲಾದೀತು. ಅಂಟನ್ನು ಟ್ಯೂಬಿನಿಂದ ನೇರ ಹಾಕದೆ ಸೂಜಿ ತುದಿಯಲ್ಲಿ ಮುಟ್ಟಿಸಿ.

ಬೆಲ್ಟಿಗೆ ಸೂಪರ್ ಗ್ಲೂ ಬಳಸಿದ ದಿನವೇ ಕ್ಯಾನೊಪಿ ಮುಚ್ಚಬೇಡಿ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಒಳಬದಿಯಲ್ಲಿ ಕೂತರೆ ಒರೆಸಲು ದಾರಿಯೇ ಇಲ್ಲ. ಒಂದು ರಾತ್ರಿ ಗಾಳಿಯಾಡಲು ಬಿಡಿ, ಆಮೇಲೆ ಕ್ಯಾನೊಪಿಗೆ ಬಿಳಿ ಫೆವಿಕಾಲ್ ಥರದ ಅಂಟು ಬಳಸಿ.