ಒಲಿಂಪಿಕ್ಸ್ ನಡೆಸಿದರೆ ದೇಶಕ್ಕೆ ಲಾಭವೇ? ಮಾರನೆಯ ವರ್ಷದ ಲೆಕ್ಕ ಕೇಳಿ

ಭಾರತವು 2036ರ ಒಲಿಂಪಿಕ್ಸ್‌ನ ಆತಿಥ್ಯ ವಹಿಸಿದರೆ ದೇಶಕ್ಕೆ ನಿಜವಾಗಿ ಲಾಭವಾಗುತ್ತದೆಯೇ, ಇಲ್ಲವೇ ಎರಡು ವಾರದ ಸಂಭ್ರಮಕ್ಕೆ ದಶಕಗಟ್ಟಲೆ ಸಾಲ ತೀರಿಸುತ್ತ ಕೂರಬೇಕಾಗುತ್ತದೆಯೇ ಎಂದು ತಾವು ಕೇಳಿದ್ದೀರಿ. ನಾನು ಅರ್ಥಶಾಸ್ತ್ರಜ್ಞನಲ್ಲ, ಕ್ರೀಡಾಪಟುವಂತೂ ಮೊದಲೇ ಅಲ್ಲ. ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಸರ್ಕಾರಿ ಕಚೇರಿಗಳ ಲೆಕ್ಕಪತ್ರ ಶಾಖೆಯಲ್ಲಿ 31 ವರ್ಷ ಕಳೆದು ನಿವೃತ್ತನಾಗಿ, ಈಗ ಮಂಡ್ಯದಲ್ಲಿ ನೆಲೆಸಿರುವವನು. ಹಾಗಾಗಿ ನನ್ನ ಉತ್ತರ ಕಡತದ ಕಡೆಯಿಂದ ಬರುತ್ತದೆ. ಕ್ರೀಡಾಕೂಟ ನಡೆಯುವ ದಿನಗಳಲ್ಲಿ ಹಣ ಕಾಣುವವರು ಒಬ್ಬರು, ಅದು ಮುಗಿದ ಮೇಲೆ ಉಳಿದದ್ದನ್ನು ಸಾಕುವವರು ಇನ್ನೊಬ್ಬರು. ಈ ಇಬ್ಬರೂ ಒಂದೇ ಆಗಿರುವ ಊರುಗಳಿಗೆ ಲಾಭವಾಗಿದೆ, ಬೇರೆಯಾಗಿರುವ ಕಡೆಗಳಲ್ಲಿ ನಷ್ಟವಾಗಿದೆ ಎಂಬುದೇ ನನ್ನ ತಿಳಿವಳಿಕೆ.

ಇದನ್ನು ನಾನು ಕಲಿತದ್ದು ದೊಡ್ಡ ಕ್ರೀಡಾಕೂಟದಿಂದಲ್ಲ. ನಾನಿದ್ದ ತಾಲ್ಲೂಕು ಕೇಂದ್ರವೊಂದರಲ್ಲಿ ರಾಜ್ಯಮಟ್ಟದ ಒಂದು ಪಂದ್ಯಾವಳಿಗೆಂದು ಒಳಾಂಗಣ ಕ್ರೀಡಾಂಗಣ ಕಟ್ಟಿದರು. ಮರದ ನೆಲಹಾಸು, ಎರಡು ಬದಿಗೆ ಗ್ಯಾಲರಿ, ಹಗಲಿನಂತೆ ಬೆಳಗುವ ದೀಪಗಳು. ಇವೆಲ್ಲಕ್ಕೂ ಬಂಡವಾಳ ವೆಚ್ಚದ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಹೊಸದಾಗಿ ಕಟ್ಟುವುದಕ್ಕೆಂದು ಬಜೆಟ್ಟಿನಲ್ಲಿ ಇಟ್ಟ ಬಾಬಿನಲ್ಲಿ, ಅನುದಾನ ಸಲೀಸಾಗಿ ಬಂತು. ಪಂದ್ಯಾವಳಿ ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೆಯ ದಿನದಿಂದ ಆ ಕಟ್ಟಡಕ್ಕೆ ಯಾವ ಲೆಕ್ಕಶೀರ್ಷಿಕೆಯೂ ಇರಲಿಲ್ಲ. ಕಾವಲುಗಾರನ ದಿನಗೂಲಿಗೆ ಸಹ ನಾವು ಬೇರೆ ಬಾಬಿನಿಂದ ಹಣ ಹೊಂದಿಸಬೇಕಾಯಿತು. ದೀಪಗಳಿಗಾಗಿ ದೊಡ್ಡ ಪ್ರಮಾಣದ ವಿದ್ಯುತ್ ಹೊರೆ ಮಂಜೂರು ಮಾಡಿಸಿಕೊಂಡಿದ್ದರಿಂದ, ಸ್ವಿಚ್ ಒತ್ತದಿದ್ದರೂ ನಿಗದಿತ ಶುಲ್ಕವೆಂದು ತಿಂಗಳು ತಿಂಗಳು ಬಿಲ್ಲು ಬರುತ್ತಿತ್ತು. ಹೊರೆಯನ್ನು ತಗ್ಗಿಸಿಕೊಡಿ ಎಂದು ನಾನೇ ಟಿಪ್ಪಣಿ ಬರೆದು ಮಂಡಿಸಿದೆ. ಆ ಕಡತ ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಎರಡನೆಯ ಮಳೆಗಾಲದಲ್ಲಿ ಚಾವಣಿಯ ತಗಡಿನ ಸಂದಿನಲ್ಲಿ ನೀರು ಇಳಿದು ಮರದ ಹಲಗೆಗಳು ಉಬ್ಬಿ ಮೇಲೆದ್ದವು. ಆ ವರ್ಷ ಸುಗ್ಗಿಯಲ್ಲಿ ದಾಸ್ತಾನು ಪರಿಶೀಲನೆಗೆ ಹೋದಾಗ ಹೊರಗಿನ ಕಾಂಕ್ರೀಟ್ ಅಂಗಳದ ತುಂಬ ರಾಗಿ ಹರಡಿತ್ತು. ಕಾವಲುಗಾರ ಕಾಲಿನಿಂದ ಅದನ್ನು ಆಡಿಸುತ್ತ, ‘ಇಂತಾ ಕಣ ನಮ್ಮೂರಲ್ಲೂ ಇಲ್ಲ ಸಾ’ ಎಂದ. ತಪಾಸಣಾ ವರದಿಯಲ್ಲಿ ಅದನ್ನು ನಾನು ಬರೆಯಲಿಲ್ಲ.

ದೆಹಲಿಯಲ್ಲಿ 2010ರಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ವಿಷಯ ತಾವು ಕೇಳಿಯೇ ಇರುತ್ತೀರಿ. ಅದರ ಬಗ್ಗೆ ಸಿಎಜಿ ಎಂದು ನಾವೆಲ್ಲ ಕರೆಯುವ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು 2011ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯನ್ನು ವೃತ್ತಿಸಹಜ ಕುತೂಹಲದಿಂದ ನಾನು ಓದಿದ್ದೆ. 2003ರಲ್ಲಿ ಸುಮಾರು 1,200 ಕೋಟಿ ರೂಪಾಯಿ ಎಂದಿದ್ದ ಅಂದಾಜು ಕೊನೆಗೆ 18,532 ಕೋಟಿಗೆ ಮುಟ್ಟಿತು. ವಿಮಾನ ನಿಲ್ದಾಣಕ್ಕೂ ಮೆಟ್ರೊ ರೈಲಿಗೂ ಆಯಾ ಸಂಸ್ಥೆಗಳು ಹಾಕಿದ ಹಣ ಈ ಮೊತ್ತದಲ್ಲಿ ಸೇರಿಲ್ಲ. ಜನರಿಗೆ ನೆನಪಿರುವುದು ಭ್ರಷ್ಟಾಚಾರದ ಮಾತು. ನನ್ನ ಕಣ್ಣಿಗೆ ಬಿದ್ದದ್ದು ಅದಕ್ಕಿಂತ ಸಪ್ಪೆಯಾದ ಸಂಗತಿ: ಸಿದ್ಧತೆಗೆ ಏಳು ವರ್ಷಗಳಿದ್ದರೂ ಮೊದಲ ವರ್ಷಗಳನ್ನು ಕೈಚೆಲ್ಲಿ, ಕೊನೆಯಲ್ಲಿ ತುರ್ತಿನ ಹೆಸರಿನಲ್ಲಿ ಎಲ್ಲ ನಿಯಮಗಳನ್ನೂ ಬದಿಗಿಟ್ಟು ಖರೀದಿ ಮಾಡಿದ್ದು. ಉದ್ಘಾಟನೆಗೆ ಎರಡು ವಾರವೂ ಇಲ್ಲದಿದ್ದಾಗ, ಸೆಪ್ಟೆಂಬರ್ 21ರಂದು, ಮುಖ್ಯ ಕ್ರೀಡಾಂಗಣದ ಬಳಿಯ ಕಾಲುಸೇತುವೆ ಕುಸಿದು ಕೂಲಿಕಾರರು ಗಾಯಗೊಂಡರು. ಸೇನೆಯ ಇಂಜಿನಿಯರುಗಳು ಬಂದು ಕೆಲವೇ ದಿನಗಳಲ್ಲಿ ಬೇರೊಂದು ಸೇತುವೆ ಕಟ್ಟಿಕೊಟ್ಟರು. ಕ್ರೀಡಾಕೂಟಗಳ ವಿಶೇಷ ಅಪಾಯ ಇರುವುದು ಇಲ್ಲಿಯೇ. ರಸ್ತೆಯ ಕಾಮಗಾರಿ ತಡವಾದರೆ ಗಡುವನ್ನು ಮುಂದೂಡಬಹುದು, ಗುತ್ತಿಗೆದಾರ ಹೆಚ್ಚು ಹಣ ಕೇಳಿದರೆ ಮರುಟೆಂಡರ್ ಕರೆಯಬಹುದು. ಕ್ರೀಡಾಕೂಟದ ದಿನಾಂಕವನ್ನು ಮಾತ್ರ ಸಾಮಾನ್ಯವಾಗಿ ಮುಂದೂಡಲಾಗದು ಎಂಬುದು ಗುತ್ತಿಗೆದಾರನಿಗೂ ಗೊತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1960ರಿಂದೀಚಿನ ಒಲಿಂಪಿಕ್ಸ್‌ಗಳಲ್ಲಿ ಖರ್ಚು ಮೂಲ ಅಂದಾಜನ್ನು ಮೀರಿದ ಪ್ರಮಾಣ ಸರಾಸರಿ ಶೇ 156. ಕೊನೆಯ ಗಳಿಗೆಯಲ್ಲಿ ಸಹಿಗೆ ಬರುವ ಬಿಲ್ಲುಗಳನ್ನು ನೋಡಿದವನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಪ್ರವಾಸಿಗರು ಬರುತ್ತಾರೆ, ಹೋಟೆಲುಗಳು ತುಂಬುತ್ತವೆ, ಆಟೋದವರಿಂದ ಹೂವಿನವರವರೆಗೆ ಎಲ್ಲರಿಗೂ ನಾಲ್ಕು ಕಾಸು ಸಿಗುತ್ತದೆ ಎಂಬ ವಾದವನ್ನು ಅಳೆಯಲು ನಮಗೆ ದಸರಾಕ್ಕಿಂತ ಒಳ್ಳೆಯ ಸೇರು ಬೇಕಿಲ್ಲ. ನನ್ನ ಭಾವಮೈದುನ ಮೈಸೂರಿನ ಬಸ್ ನಿಲ್ದಾಣದ ಬಳಿ ಸಣ್ಣದೊಂದು ವಸತಿಗೃಹ ನಡೆಸುತ್ತಾರೆ. ದಸರಾ ಸಮಯದಲ್ಲಿ ಕೊಠಡಿಯ ಬಾಡಿಗೆ ಎರಡು ಪಟ್ಟಾಗುವುದೂ ನಿಜ, ಜಂಬೂಸವಾರಿಯ ಹಿಂದಿನ ರಾತ್ರಿ ಜಗಲಿಯಲ್ಲಿ ಹಾಸಿಗೆ ಹಾಕಿಕೊಡಿ ಎಂದು ಜನ ಗೋಗರೆಯುವುದೂ ನಿಜ. ಆದರೆ ವರ್ಷವಿಡೀ ಅವರನ್ನು ಸಾಕುವ ಗಿರಾಕಿಗಳು ಔಷಧ ಕಂಪನಿಗಳ ಪ್ರತಿನಿಧಿಗಳು, ಸೀರೆ ವ್ಯಾಪಾರಿಗಳು, ಆಸ್ಪತ್ರೆಗೆ ಬರುವ ಹಳ್ಳಿಯವರು. ಆ ಹತ್ತು ದಿನ ಅವರು ಯಾರೂ ಮೈಸೂರಿನ ಕಡೆ ತಲೆ ಹಾಕುವುದಿಲ್ಲ. ಬಂದದ್ದನ್ನು ಮಾತ್ರ ಎಣಿಸಿ, ಬಾರದೆ ಹೋದದ್ದನ್ನು ಎಣಿಸದಿದ್ದರೆ ಲೆಕ್ಕ ಯಾವಾಗಲೂ ಲಾಭವನ್ನೇ ತೋರಿಸುತ್ತದೆ. ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದ 2012ರ ಆಗಸ್ಟ್ ತಿಂಗಳಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟ್‌ಗಿಂತ ಕಡಿಮೆಯಿತ್ತು. ಗದ್ದಲಕ್ಕೂ ದುಬಾರಿ ದರಕ್ಕೂ ಹೆದರಿ, ಎಂದಿನಂತೆ ಬರಬೇಕಾದವರು ಬರಲಿಲ್ಲ. ಇನ್ನು ದೊಡ್ಡ ಆದಾಯವಾದ ಪ್ರಸಾರದ ಹಕ್ಕಿನ ಹಣ ಸೇರುವುದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ. ಆತಿಥೇಯರಿಗೆ ಅದರಲ್ಲೊಂದು ಪಾಲು ಮಾತ್ರ. ಖರ್ಚು ಮೀರಿದರೆ ತುಂಬಿಕೊಡುವ ಹೊಣೆಯಾದರೋ ಆತಿಥೇಯರದು.

ದಸರಾದಲ್ಲಿ ಇನ್ನೊಂದು ಪಾಠವೂ ಇದೆ. ಮತ್ತಿಗೋಡು, ದುಬಾರೆ ಮೊದಲಾದ ಶಿಬಿರಗಳಿಂದ ಬರುವ ಆನೆಗಳು ಜಂಬೂಸವಾರಿ ಮುಗಿದ ಎರಡು ಮೂರು ದಿನಗಳಲ್ಲೇ ಲಾರಿ ಹತ್ತಿ ಕಾಡಿಗೆ ಮರಳುತ್ತವೆ. ಅರಮನೆಯ ಅಂಗಳದಲ್ಲಿ ಮಾವುತರಿಗೂ ಕಾವಾಡಿಗಳಿಗೂ ಹಾಕಿದ ಶೆಡ್ಡುಗಳನ್ನು ಬಿಚ್ಚುತ್ತಾರೆ. ಅರಮನೆ 1912ರಲ್ಲಿ ಕಟ್ಟಿ ಮುಗಿಸಿದ್ದು, ವರ್ಷಪೂರ್ತಿ ಟಿಕೆಟ್ಟಿನ ಹಣ ತರುವಂಥದು. ಕ್ರೀಡಾಂಗಣವೆಂಬ ಆನೆಯನ್ನು ಲಾರಿ ಹತ್ತಿಸಿ ವಾಪಸು ಕಳುಹಿಸುವುದಕ್ಕೆ ಆಗುವುದಿಲ್ಲ. ಕತಾರ್ 2022ರ ಫುಟ್‌ಬಾಲ್ ವಿಶ್ವಕಪ್‌ಗೆಂದು ಹಡಗಿನ ಸರಕು ಪೆಟ್ಟಿಗೆಗಳನ್ನು ಜೋಡಿಸಿ ‘974’ ಎಂಬ ಕ್ರೀಡಾಂಗಣವನ್ನು ಬಿಚ್ಚಲು ಬರುವಂತೆ ಕಟ್ಟಿದ್ದು ಈ ಕಷ್ಟವನ್ನು ಅರಿತೇ. ಬ್ರೆಜಿಲ್ ದೇಶ 2014ರಲ್ಲಿ ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದಲ್ಲಿ ಸುಮಾರು 44 ಸಾವಿರ ಆಸನಗಳ ಕ್ರೀಡಾಂಗಣ ಕಟ್ಟಿತು. ಅಲ್ಲಿ ವಿಶ್ವಕಪ್ಪಿನ ನಾಲ್ಕೇ ಪಂದ್ಯಗಳು ನಡೆದವು. ಆ ಊರಿನಲ್ಲಿ ಅಷ್ಟು ಜನರನ್ನು ಸೆಳೆಯುವ ಮೇಲ್ದರ್ಜೆಯ ತಂಡವೇ ಇರಲಿಲ್ಲ. ನಮ್ಮ ತಾಲ್ಲೂಕಿನ ಕಥೆ ಕೋಟಿಗಳ ಲೆಕ್ಕದಲ್ಲಿ ನಡೆದರೆ ಹೀಗಿರುತ್ತದೆ.

ಎಲ್ಲಕ್ಕಿಂತ ಉದ್ದನೆಯ ಬಿಲ್ಲು ಕೆನಡಾದ ಮಾಂಟ್ರಿಯಲ್ ನಗರದ್ದು. 1976ರ ಒಲಿಂಪಿಕ್ಸ್‌ಗೆ ಮಾಡಿದ ಸಾಲ ತೀರಿದ್ದು 2006ರಲ್ಲಿ. ಅದಕ್ಕಾಗಿ ಆ ಪ್ರಾಂತ್ಯದವರು ತಂಬಾಕಿನ ಮೇಲೆ ವಿಶೇಷ ತೆರಿಗೆ ಕೊಟ್ಟರು. ಸಾಲ ತೀರಿತೆಂದರೆ ಖರ್ಚು ತೀರಿತೆಂದಲ್ಲ. ಅದೇ ಕ್ರೀಡಾಂಗಣದ ಚಾವಣಿ ಪದೇ ಪದೇ ಹರಿದದ್ದರಿಂದ 2024ರಲ್ಲಿ ಹೊಸ ಚಾವಣಿಗೆ 87 ಕೋಟಿ ಕೆನಡಾ ಡಾಲರ್ ಘೋಷಿಸಬೇಕಾಯಿತು. ಅಥೆನ್ಸ್‌ನ ಹೆಸರನ್ನು ಎಲ್ಲರೂ ತೆಗೆಯುತ್ತಾರೆ. ಗ್ರೀಸ್ ದೇಶ ಸಾಲದಲ್ಲಿ ಮುಳುಗಿದ್ದಕ್ಕೆ 2004ರ ಒಲಿಂಪಿಕ್ಸ್ ಒಂದೇ ಕಾರಣವೆನ್ನುವುದು ಉತ್ಪ್ರೇಕ್ಷೆ. ಆದರೆ ಪಾಳುಬಿದ್ದ ಅಂಗಣಗಳು ಆ ಸಾಲಕ್ಕೆ ಸಾಕ್ಷಿಯಾಗಿ ನಿಂತದ್ದು ಸುಳ್ಳಲ್ಲ.

ಹಾಗಾದರೆ ಯಾರಿಗೂ ಲಾಭವಾಗಿಲ್ಲವೇ? ಆಗಿದೆ. ಮಾಂಟ್ರಿಯಲ್‌ನ ಗತಿ ನೋಡಿ ಎಲ್ಲರೂ ಹಿಂಜರಿದಿದ್ದಾಗ 1984ರ ಕೂಟಕ್ಕೆ ಕೊನೆಗೆ ಕಣದಲ್ಲಿ ಉಳಿದ ನಗರ ಲಾಸ್ ಏಂಜಲಿಸ್ ಒಂದೇ. ಬೇರೆ ಗಿರಾಕಿ ಇಲ್ಲದಿದ್ದರಿಂದ ತನ್ನ ಷರತ್ತುಗಳನ್ನು ಅದೇ ಹಾಕಿತು. ನಗರದ ಬೊಕ್ಕಸದಿಂದ ಇದಕ್ಕೆ ಹಣ ಸುರಿಯಬಾರದೆಂದು ಅಲ್ಲಿನ ಮತದಾರರು 1978ರಲ್ಲೇ ತೀರ್ಮಾನಿಸಿದ್ದರು. 1932ರ ಒಲಿಂಪಿಕ್ಸ್ ನಡೆದಿದ್ದ ಹಳೆಯ ಕ್ರೀಡಾಂಗಣವನ್ನೇ ಮತ್ತೆ ಬಳಸಿ, ಆಟಗಾರರನ್ನು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳಲ್ಲಿ ಇಳಿಸಿ, ಖರ್ಚೆಲ್ಲ ಕಳೆದು 20 ಕೋಟಿ ಡಾಲರಿಗೂ ಮೀರಿ ಮಿಗಿಸಿದರು. ಬಾರ್ಸಿಲೋನಾದ ದಾರಿ ಬೇರೆ. ರೈಲುಹಳಿಗಳೂ ಕಾರ್ಖಾನೆಗಳೂ ಅಡ್ಡವಾಗಿ ಊರಿನವರಿಗೆ ಕಡಲೇ ಸಿಗದಂತಾಗಿದ್ದ ಕಡೆ ಅವರು ಕರಾವಳಿಯನ್ನು ತೆರೆದರು, ವರ್ತುಲ ರಸ್ತೆ ಹಾಕಿದರು. 1992ರ ಒಟ್ಟು ಹೂಡಿಕೆಯಲ್ಲಿ ಕ್ರೀಡಾಂಗಣಗಳ ಪಾಲು ಚಿಕ್ಕದು. ಊರಿಗೆ ಹೇಗೂ ಬೇಕಿದ್ದ ಕೆಲಸಕ್ಕೆ ಒಲಿಂಪಿಕ್ಸ್ ಒಂದು ಗಡುವಾಯಿತು, ಅಷ್ಟೆ. (ಈಗ ಅದೇ ಊರಿನವರು ಪ್ರವಾಸಿಗರ ಕಾಟ ತಾಳಲಾರೆವು ಎಂದು 2024ರಲ್ಲಿ ಅವರ ಮೇಲೆ ಆಟದ ಪಿಚಕಾರಿಯಿಂದ ನೀರು ಎರಚಿದರು. ಲಾಭವೂ ಅತಿಯಾಗಬಹುದೇನೋ.) ನಮ್ಮಲ್ಲೂ ಇಂಥ ಚಿಕ್ಕ ಉದಾಹರಣೆಯಿದೆ: ಬೆಂಗಳೂರಿನ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆಂದು ಎದ್ದದ್ದು, ಇಂದು ಅಲ್ಲಿ ಸಂಸಾರಗಳು ವಾಸವಾಗಿವೆ, ನಿರ್ವಹಣೆಯ ಖರ್ಚನ್ನು ಅಲ್ಲಿರುವವರೇ ಕೊಡುತ್ತಾರೆ.

ಲೆಕ್ಕದಲ್ಲಿ ಸುಲಭವಾಗಿ ಬಿಟ್ಟುಹೋಗುವ ಇನ್ನೊಂದು ಬಾಬು ಕೂಲಿಕಾರರದು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ಮೇಲ್ಸೇತುವೆ, ಕ್ರೀಡಾಂಗಣ ಕಟ್ಟಿದವರಿಗೆ ಕನಿಷ್ಠ ಕೂಲಿಯೂ ದಕ್ಕುತ್ತಿಲ್ಲವೆಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಆಗುತ್ತದೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪಿತ್ತಿತು. ಆ ಏಷ್ಯಾಡ್‌ನಿಂದ ದೇಶಕ್ಕೆ ಏನು ಉಳಿಯಿತೆಂದು ಯಾರಾದರೂ ಕೇಳಿದರೆ, ಆ ಸಮಯದಲ್ಲಿ ಬಂದ ಬಣ್ಣದ ಟಿವಿಗಿಂತ ಮೊದಲು ನಾನು ಈ ತೀರ್ಪನ್ನು ಹೆಸರಿಸುತ್ತೇನೆ.

ಕ್ರೀಡೆಗೆ ಉತ್ತೇಜನ ಸಿಗುತ್ತದೆ ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 2010ರ ದೆಹಲಿ ಕೂಟದಲ್ಲಿ ಭಾರತ 38 ಚಿನ್ನ ಸೇರಿ 101 ಪದಕ ಗೆದ್ದು ಎರಡನೆಯ ಸ್ಥಾನಕ್ಕೆ ಬಂದಾಗ, ನಮ್ಮ ಅಶ್ವಿನಿ ಅಕ್ಕುಂಜಿ ರಿಲೇ ಓಟದಲ್ಲಿ ಚಿನ್ನ ಹಂಚಿಕೊಂಡಾಗ, ಕಚೇರಿಯಲ್ಲಿ ಮೈಸೂರು ಪಾಕ್ ಹಂಚಿದವರಲ್ಲಿ ನಾನೂ ಒಬ್ಬ. ಆದರೆ ಅದೇ ಕೂಟದಲ್ಲಿ ಡಿಸ್ಕಸ್ ಎಸೆತದ ಬೆಳ್ಳಿ ಗೆದ್ದ, ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಪಳಗಿದ್ದು ಅಮೆರಿಕದಲ್ಲಿ. ಆಟಗಾರರನ್ನು ಬೆಳೆಸುವುದು ತರಬೇತುದಾರರು ಮತ್ತು ದಿನನಿತ್ಯ ಬಾಗಿಲು ತೆರೆದಿರುವ ಮೈದಾನಗಳು. ಉದ್ಘಾಟನೆಯ ರಾತ್ರಿಯ ಪಟಾಕಿಗೆ ಆ ಕೆಲಸ ಬಾರದು.

2036ರ ವಿಷಯಕ್ಕೆ ಬರುತ್ತೇನೆ. ಅದಕ್ಕಿಂತ ಮುಂಚೆ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದೊರೆತಿದೆ, ಆದ್ದರಿಂದ ಪರೀಕ್ಷೆ ಮೊದಲು ಅಲ್ಲಿಯೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕೂಟವನ್ನು ಒಪ್ಪಿಕೊಂಡು, ಅಂದಾಜು ಎರಡು ಪಟ್ಟಿಗೂ ಮೀರಿ ಬೆಳೆದದ್ದನ್ನು ಕಂಡು 2023ರಲ್ಲಿ ಕೈಬಿಟ್ಟಿತು. ಹಾಗೆ ಹಿಂದೆ ಸರಿದದ್ದಕ್ಕೆ 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರವನ್ನೂ ತೆತ್ತಿತು. ಆ ಕೂಟವನ್ನು ಗ್ಲಾಸ್ಗೋ ಹತ್ತು ಆಟಗಳಿಗೆ, ಇರುವ ನಾಲ್ಕು ಅಂಗಣಗಳಿಗೆ ಇಳಿಸಿ ವಹಿಸಿಕೊಂಡಿತು. ನಮ್ಮ ಬೆಂಗಳೂರೂ ಒಮ್ಮೆ ಇಂಥ ಆಪತ್ಕಾಲಕ್ಕೆ ಒದಗಿದೆ: 2011ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್ ಸಿದ್ಧವಾಗಿಲ್ಲವೆಂದು ಭಾರತ–ಇಂಗ್ಲೆಂಡ್ ಪಂದ್ಯವನ್ನು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ತಂದರು. ಎರಡೂ ತಂಡಗಳು 338 ಓಟ ಗಳಿಸಿ ಸಮವಾದ ಆ ಪಂದ್ಯಕ್ಕೆ ನನಗೆ ಟಿಕೆಟ್ ಸಿಗಲಿಲ್ಲ, ಅದು ಬೇರೆ ಮಾತು. ಕೆಲವೇ ವಾರಗಳ ಸೂಚನೆಯಲ್ಲಿ ಅಷ್ಟು ದೊಡ್ಡ ಪಂದ್ಯ ನಡೆಸಲು ಸಾಧ್ಯವಾದದ್ದು, ವರ್ಷವಿಡೀ ಪಂದ್ಯಗಳು ನಡೆದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಅಂಗಣ ಅದಾಗಿದ್ದರಿಂದ.

ಒಲಿಂಪಿಕ್ಸ್‌ನ ಪ್ರಸ್ತಾವ ಸಾರ್ವಜನಿಕರ ಮುಂದೆ ಬಂದಾಗ ತಾವು ಉದ್ಘಾಟನಾ ಸಮಾರಂಭದ ಚಿತ್ರಗಳನ್ನು ಬಿಟ್ಟು, 2037–38ರ ಸಾಲಿನಲ್ಲಿ ಪ್ರತಿಯೊಂದು ಅಂಗಣದ ವಿದ್ಯುತ್ ಬಿಲ್ಲು, ಕಾವಲು, ದುರಸ್ತಿ ಯಾವ ಇಲಾಖೆಯ ಯಾವ ಲೆಕ್ಕಶೀರ್ಷಿಕೆಗೆ ಬೀಳುತ್ತದೆ ಎಂಬ ಪುಟವನ್ನು ಹುಡುಕಿ. ಆ ಪುಟವಿದ್ದು, ಅದರಲ್ಲಿ ಬರೆದ ಇಲಾಖೆ ಅದಕ್ಕೆ ಒಪ್ಪಿ ಸಹಿ ಮಾಡಿದ್ದರೆ ನಾನು ಒಲಿಂಪಿಕ್ಸ್ ಪರವಾಗಿಯೇ ಕೈ ಎತ್ತುತ್ತೇನೆ.

ನಮ್ಮ ತಾಲ್ಲೂಕಿನ ಅಂಗಣಕ್ಕೆ ಕೊನೆಗೂ ಅಂಥ ಒಂದು ಸಹಿ ಬಿತ್ತು. ಉಬ್ಬಿದ ಹಲಗೆಗಳನ್ನು ಕಿತ್ತು ಸಿಮೆಂಟಿನ ನೆಲ ಹಾಕಿದರು, ದೊಡ್ಡ ದೀಪಗಳನ್ನು ಇಳಿಸಿ ಸಾದಾ ಟ್ಯೂಬ್‌ಲೈಟ್ ಕಟ್ಟಿದರು, ಪಕ್ಕದ ಪ್ರೌಢಶಾಲೆಯ ಸುಪರ್ದಿಗೆ ಬಿಟ್ಟುಕೊಟ್ಟರು. ಕಳೆದ ಸಂಕ್ರಾಂತಿಯ ಮುಂಚೆ ಆ ದಾರಿಯಲ್ಲಿ ಹೋಗುವಾಗ ಇಣುಕಿ ನೋಡಿದೆ. ಒಳಗೆ ಹುಡುಗಿಯರು ವಾಲಿಬಾಲ್ ಆಡುತ್ತಿದ್ದರು. ಅಂಗಳದಲ್ಲಿ ರಾಗಿ ಈಗಲೂ ಒಣಗುತ್ತಿತ್ತು.