15 ವ್ಯಾಟಿಗೆ ಯಾವ ಸ್ಪೀಕರ್?

ಪ್ರಶ್ನೆ: ನನ್ನಲ್ಲಿ ಚಾನೆಲ್‌ಗೆ 15 ವ್ಯಾಟ್ ಕೊಡುವ ವಾಲ್ವ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆ ಇರುವ) ಆಂಪ್ಲಿಫೈಯರ್ ಇದೆ. ನಾನು ಕೇಳುವುದು ಹೆಚ್ಚಾಗಿ ಹಾಡುಗಾರಿಕೆ, ಪಿಟೀಲು. ಮಗನಿಗೆ ಡ್ರಮ್ಸ್ ಅಬ್ಬರ ಬೇಕು. ಅಂಗಡಿಯಲ್ಲಿ ಒಂದು ಜೋಡಿ ಸ್ಪೀಕರ್ ಕೇಳಿದೆ, ಒಂದೊಂದು ಅಕ್ಷರವೂ ಬಿಡಿಸಿದ ಹಾಗೆ ಕೇಳಿಸಿತು. 84 ಡಿಬಿ, 4 ಓಮ್ ಅಂತ ಬರೆದಿದೆ. ತಗೊಳ್ಳಬಹುದಾ?

ಉತ್ತರ: ಈ ಆಂಪ್ಲಿಫೈಯರ್‌ಗೆ ಬೇಡ. ಸ್ಪೀಕರ್ ಕೆಟ್ಟದು ಅಂತಲ್ಲ, ಜೋಡಿ ಕೂಡುವುದಿಲ್ಲ.

ಡಿಬಿ ಅಂದರೆ ಡೆಸಿಬೆಲ್, ಸದ್ದಿನ ಅಳತೆ. ಓಮ್ ಅಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ. 84 ಡಿಬಿ ಅನ್ನುವುದು ಸೆನ್ಸಿಟಿವಿಟಿ. ಸಾಮಾನ್ಯವಾಗಿ 2.83 ವೋಲ್ಟ್ ಕೊಟ್ಟು, 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಬರುತ್ತದೆ ಅಂತ ಅಳೆಯುತ್ತಾರೆ. 8 ಓಮ್ ಸ್ಪೀಕರ್‌ಗೆ ಅಷ್ಟು ವೋಲ್ಟ್ ಅಂದರೆ 1 ವ್ಯಾಟ್. 4 ಓಮ್ ಸ್ಪೀಕರ್ ಅಷ್ಟಕ್ಕೇ 2 ವ್ಯಾಟ್ ಎಳೆಯುತ್ತದೆ. ಹಾಗಾಗಿ 1 ವ್ಯಾಟಿನ ಲೆಕ್ಕದಲ್ಲಿ ನೀವು ನೋಡಿದ್ದು 81 ಡಿಬಿ ಸ್ಪೀಕರ್. ಸುಳ್ಳೇನೂ ಬರೆದಿಲ್ಲ, ಆದರೆ ಕೊಳ್ಳುವವರು ಎಡವುವುದು ಇಲ್ಲೇ.

ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡಿಬಿ. ನಿಮ್ಮ 15 ವ್ಯಾಟ್ ಪೂರ್ತಿ ಹಾಕಿದರೂ 1 ಮೀಟರಿನಲ್ಲಿ 93 ಡಿಬಿ ಹತ್ತಿರ. ಮೂರು ಮೀಟರ್ ದೂರ ಕೂತರೆ, ಎರಡೂ ಸ್ಪೀಕರ್ ಸೇರಿ 90ರ ಆಸುಪಾಸು ಸಿಗಬಹುದು. ಆರಾಮಾಗಿ ಹಾಡು ಕೇಳಲು 75ರಿಂದ 80 ಸಾಕು, ನಿಮಗೆ ತೊಂದರೆ ಇಲ್ಲ. ಆದರೆ ಚೆನ್ನಾಗಿ ರೆಕಾರ್ಡ್ ಆದ ಡ್ರಮ್ ಪೆಟ್ಟು ಆ ಸರಾಸರಿಗಿಂತ 15-20 ಡಿಬಿ ಮೇಲೆ ಜಿಗಿಯುತ್ತದೆ. ಅಲ್ಲಿ ಆಂಪ್ಲಿಫೈಯರ್ ಕೈಚೆಲ್ಲುತ್ತದೆ. ‘ಟಪ್’ ಅನ್ನಬೇಕಾದ ಪೆಟ್ಟು ‘ದೊಪ್’ ಅನ್ನುತ್ತದೆ, ಅಷ್ಟೆ.

ಬದಲಿಗೆ 90 ಡಿಬಿ, 8 ಓಮ್ ಸ್ಪೀಕರ್ ನೋಡಿ. 81ಕ್ಕೂ 90ಕ್ಕೂ 9 ಡಿಬಿ ಅಂತರ, ಅಂದರೆ ಎಂಟು ಪಟ್ಟು ಶಕ್ತಿ. ನಿಮ್ಮ 15 ವ್ಯಾಟ್ ಅಲ್ಲಿ 120 ವ್ಯಾಟಿನ ಕೆಲಸ ಮಾಡುತ್ತದೆ.

ಇನ್ನು ದನಿಯ ಗುಣ. ‘ಬಿಡಿಸಿದ ಹಾಗೆ’ ಅಂದಿರಿ, ನನಗೆ ಸ್ವಲ್ಪ ಅನುಮಾನ. ಸುಮಾರು 2ರಿಂದ 5 ಕಿಲೋಹರ್ಟ್ಸ್ (ಸ್ವರದ ಎತ್ತರದ ಅಳತೆ) ನಡುವೆ ಸದ್ದು ಎದ್ದಿರುವ ಸ್ಪೀಕರ್ ಅಂಗಡಿಯಲ್ಲಿ ಐದು ನಿಮಿಷಕ್ಕೆ ಮರುಳು ಮಾಡುತ್ತದೆ. ಮನೆಯಲ್ಲಿ ಒಂದು ಗಂಟೆ ಪಿಟೀಲು ಕೇಳಿದ ಮೇಲೆ ತಂತಿ ಕಿವಿಗೆ ಗೀರಿದ ಹಾಗಾಗುತ್ತದೆ. ನಿಮಗೆ ತುಂಬ ಪರಿಚಯದ ರೆಕಾರ್ಡಿಂಗ್ ತಗೊಂಡು ಹೋಗಿ. ಹಾಡು ಮಾತ್ರ ಅಲ್ಲ, ಒಬ್ಬ ಗಂಡಸು ಸುಮ್ನೆ ಮಾತಾಡುವ ರೆಕಾರ್ಡಿಂಗೂ ಇರಲಿ. ಮಾತಿನ ದನಿ ನಮ್ಮ ಕಿವಿಗೆ ದಿನಾ ಗೊತ್ತಿರುವುದು, ಮೋಸ ಬೇಗ ಸಿಕ್ಕಿಬೀಳುತ್ತದೆ. ‘ಸ’ ‘ಶ’ ಸಿಡಿದರೆ ಸ್ಪೀಕರ್ ಎತ್ತರದ ಸ್ವರಗಳನ್ನು ಜಾಸ್ತಿ ಎತ್ತುತ್ತಿದೆ. ದನಿ ಡಬ್ಬಿಯೊಳಗಿಂದ ಬಂದಂತಿದ್ದರೆ ಪೆಟ್ಟಿಗೆಯೇ ಅದುರುತ್ತಿರಬಹುದು. ಎರಡು ಜೋಡಿ ಹೋಲಿಸುವಾಗ ಸದ್ದು ಒಂದೇ ಮಟ್ಟಕ್ಕೆ ತರಲು ಹೇಳಿ. 1 ಡಿಬಿ ಜೋರಿದ್ದರೂ ಅದೇ ಚೆಂದ ಅನ್ನಿಸಿಬಿಡುತ್ತದೆ.

ಆಂಪ್ಲಿಫೈಯರಿಗೂ ದನಿಯ ಗುಣ ಇದೆಯಾ? ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ, ಮಿತಿಯೊಳಗೆ ನುಡಿಸಿದರೆ, ವ್ಯತ್ಯಾಸ ತೀರಾ ಕಮ್ಮಿ. ವಾಲ್ವ್ ವಿಷಯ ಬೇರೆ. ಅದರ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದರ ಒಳಗಿನದೇ ತಡೆ, ಜಾಸ್ತಿ. ಸ್ಪೀಕರ್‌ನ ಓಮ್ ಯಾವ ಸ್ವರದಲ್ಲಿ ಏರುತ್ತದೋ ಅಲ್ಲಿ ಸದ್ದೂ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಒಂದೇ ಸ್ಪೀಕರ್ ನಿಮ್ಮ ಮನೆಯಲ್ಲಿ ಬೇರೆಯೇ ದನಿ ಕೊಡಬಹುದು, ಬೇಸ್ ಸಡಿಲ ಆಗಬಹುದು. ಹಾಗಾಗಿ ಆಂಪ್ಲಿಫೈಯರನ್ನೇ ಹೊತ್ತುಕೊಂಡು ಹೋಗಿ ಕೇಳಿ. ಭಾರ ಹೌದು, ಆದರೂ ಹೊರಿ. ಅದರ ಹಿಂದೆ 4 ಮತ್ತು 8 ಓಮ್‌ಗೆ ಬೇರೆ ಬೇರೆ ಟರ್ಮಿನಲ್ ಇದ್ದರೆ ಎರಡರಲ್ಲೂ ಕೇಳಿ ನೋಡಿ.

ಪ್ರಶ್ನೆ: 60 ವ್ಯಾಟ್ ಅಂತ ಬರೆದ ಸ್ಪೀಕರ್‌ಗೆ 100 ವ್ಯಾಟಿನ ಆಂಪ್ಲಿಫೈಯರ್ ಹಾಕಿದರೆ ಸುಟ್ಟುಹೋಗುತ್ತದಾ?

ಉತ್ತರ: ವಾಲ್ಯೂಮ್ ನಿಮ್ಮ ಕೈಯಲ್ಲೇ ಇದೆ ಅಲ್ವಾ? ಹದವಾಗಿ ಕೇಳಿದರೆ ಏನೂ ಆಗುವುದಿಲ್ಲ. ಚಿಕ್ಕ ಆಂಪ್ಲಿಫೈಯರನ್ನು ಕೊನೆವರೆಗೆ ತಿರುಗಿಸಿ, ದನಿ ಒಡೆದರೂ ಬಿಡದೆ ನುಡಿಸಿ ಟ್ವೀಟರ್ (ಎತ್ತರದ ಸ್ವರ ನುಡಿಸುವ ಚಿಕ್ಕ ಘಟಕ) ಸುಟ್ಟುಕೊಂಡವರೂ ಇದ್ದಾರೆ. ದನಿ ಕರ್ಕಶವಾದ ಕೂಡಲೇ ಇಳಿಸಿ.