ಮಳೇಲಿ ಗಂಡಿಕೋಟಕ್ಕೆ ಹೋಗ್ಬಹುದಾ?

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಗಂಡಿಕೋಟದ್ದೇ, ಅದೇ ಆಂಧ್ರದ ರಾಯಲಸೀಮೆಯ ಕಡಪ ಜಿಲ್ಲೇಲಿ ಪೆನ್ನಾ ನದಿಯ ಆಳವಾದ ಕೊರಕಲಿನ ಅಂಚಲ್ಲಿರೋ ಹಳೇ ಕೋಟೆ. ದಸರಾ ರಜೆ ಒಂದು ಕಡೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಬಂದ್ರೆ ಜನ ಏನ್ ಮಾಡ್ಬೇಕು ಪಾಪ. ಹಾಗಾಗಿ ಮಿಕ್ಕ ಊರುಗಳ ಪ್ರಶ್ನೆ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ಇದಕ್ಕೇ ಉತ್ತರ ಕೊಡ್ತೀನಿ.

ಪ್ರಶ್ನೆ: ನಮಸ್ಕಾರ ಸಾರ್. ದಸರಾ ಮುಗಿದ ವಾರ ಗಂಡಿಕೋಟಕ್ಕೆ ಹೋಗೋಣ ಅಂತ ರೂಮ್ ಬುಕ್ ಮಾಡಿದೀವಿ, ನಾನು, ನಮ್ಮನೆಯವ್ರು ಮತ್ತೆ ಹತ್ತು ವರ್ಷದ ಮಗಳು. ಈಗ ನೋಡಿದ್ರೆ ಫೋನಲ್ಲಿ ಎರಡೂ ದಿನ ಮಳೆ ಚಿತ್ರ ತೋರಿಸ್ತಿದೆ. ಇವ್ರು ಕ್ಯಾನ್ಸಲ್ ಮಾಡು ಅಂತಿದಾರೆ, ಮಗಳು ಅಳ್ತಾಳೆ. ಏನ್ ಮಾಡೋದು?
ಓದುಗರು, ಬೆಂಗಳೂರು

ಉತ್ತರ: ಸದ್ಯಕ್ಕೆ ಕ್ಯಾನ್ಸಲ್ ಮಾಡ್ಬೇಡಿ ಅಮ್ಮ. ಫೋನಲ್ಲಿ ಕಾಣೋ ಆ ಮೋಡದ ಚಿತ್ರಕ್ಕೆ ತುಂತುರು ಮಳೆನೂ ಒಂದೇ, ಚಂಡಮಾರುತದ ಮಳೆನೂ ಒಂದೇ, ಅದನ್ನ ನೋಡಿ ತೀರ್ಮಾನ ಮಾಡಿದ್ರೆ ರಾಯಲಸೀಮೆಗೆ ಅಕ್ಟೋಬರಲ್ಲಿ ಯಾರೂ ಹೋಗೋ ಹಾಗೇ ಇಲ್ಲ. ಯಾಕಂದ್ರೆ ಅಲ್ಲಿ ಮಳೆ ಬೀಳೋದೇ ಸೆಪ್ಟೆಂಬರ್, ಅಕ್ಟೋಬರಲ್ಲಿ, ನಮ್ಮ ಮಲೆನಾಡಿನ ಹಾಗೆ ಜೂನ್, ಜುಲೈಯಲ್ಲಿ ಜಡಿ ಹಿಡಿಯೋ ಊರಲ್ಲ ಅದು. ಹೊರಡೋ ಹಿಂದಿನ ದಿನ ಹವಾಮಾನ ಇಲಾಖೆಯವ್ರು ಕಡಪ ಜಿಲ್ಲೆಗೆ ಯಾವ ಬಣ್ಣದ ಅಲರ್ಟ್ ಕೊಟ್ಟಿದಾರೆ ಅಂತ ನೋಡಿ. ಯೆಲ್ಲೋ ಇದ್ರೆ ರೈನ್‌ಕೋಟ್ ತಗೊಂಡು ಹೊರಡಿ. ಆರೆಂಜ್ ಅಥವಾ ರೆಡ್ ಇದ್ರೆ ಮಗಳು ಎಷ್ಟ್ ಅತ್ರೂ ಸರಿ, ಮನೇಲೇ ಇರಿ. 24 ಗಂಟೇಲಿ 64.5 ಮಿಲಿಮೀಟರ್ ಮುಟ್ಟಿದ್ರೆ ಇಲಾಖೆ ಲೆಕ್ಕದಲ್ಲಿ ಅದು ಭಾರಿ ಮಳೆ, ಆ ಕಪ್ಪು ಭೂಮಿಯ ಸೀಮೇಲಿ ಅಷ್ಟು ಬಿದ್ರೆ ಹಳ್ಳಗಳೆಲ್ಲ ರೋಡ್ ಮೇಲೆ ಹತ್ತಿಬಿಡುತ್ತೆ. ಇದೇನು ಸುಮ್ನೆ ಹೆದರ್ಸೋ ಮಾತಲ್ಲ. 2021ರ ನವೆಂಬರ್ 19ಕ್ಕೆ ಅದೇ ಕಡಪ ಜಿಲ್ಲೇಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು ಕೊಚ್ಚಿಕೊಂಡು ಹೋಗಿ ಕೆಳಗಿನ ಹಳ್ಳಿಗಳಲ್ಲಿ ಜನ ಸತ್ರು. ಆ ಚೆಯ್ಯೇರು ಕೂಡ ಕೊನೆಗೆ ಸೇರೋದು ಗಂಡಿಕೋಟದ ಪೆನ್ನಾ ನದಿಗೇ.

ಇನ್ನು ಸಾಧಾರಣ ಮಳೆ ಇದ್ರೆ ಯಾಕೆ ಹೋಗ್ಬೇಕು ಅಂತ ಹೇಳ್ತೀನಿ ಕೇಳಿ. ಮೊದಲನೇದು ಬಿಸಿಲು. ಕೋಟೆ ಮೇಲೆ ಮರ ಅನ್ನೋದು ಕಮ್ಮಿ, ಬೇಸಿಗೇಲಿ 40 ಡಿಗ್ರಿ ದಾಟುತ್ತೆ, ಬಂಡೆ ಮುಟ್ಟೋಕೂ ಆಗಲ್ಲ, ಬೆಳಗ್ಗೆ ಒಂಬತ್ತಕ್ಕೆಲ್ಲ ಜನ ನೆರಳು ಹುಡುಕ್ತಿರ್ತಾರೆ. ಮೋಡ ಇದ್ರೆ ಇಡೀ ದಿನ ಓಡಾಡ್ಬಹುದು. ಎರಡನೇದು ಕಲ್ಲಿನ ಬಣ್ಣ. ಅಲ್ಲಿರೋದು ಕ್ವಾರ್ಟ್ಜೈಟ್, ಅಂದ್ರೆ ಯಾವ್ದೋ ಕಾಲದ ಮರಳು ಒತ್ತಿ ಒತ್ತಿ ಗಟ್ಟಿಯಾಗಿ ಆಗಿರೋ ಕಲ್ಲು, ನೂರೈವತ್ತು ಕೋಟಿ ವರ್ಷಕ್ಕಿಂತ ಹಳೇದು. ಒಣಗಿದ್ದಾಗ ಧೂಳು ಕೂತು ಮಂಕಾಗಿ ಕಾಣುತ್ತೆ, ಪೋಸ್ಟ್‌ಕಾರ್ಡ್ ಫೋಟೋ ನೋಡಿ ಹೋದವ್ರಿಗೆ ಇಷ್ಟೇನಾ ಅನ್ಸುತ್ತೆ. ಅದೇ ಒಂದು ಹದ ಮಳೆ ಬಿದ್ದ ಮೇಲೆ ನೋಡಿ, ಎದುರುಗಡೆ ಗೋಡೆ ಪೂರ್ತಿ ಕಡುಗೆಂಪು, ಬಿರುಕುಗಳ ಹತ್ರ ನೇರಳೆ, ಚಪ್ಪಡಿ ಮೇಲೆ ಚಪ್ಪಡಿ ಜೋಡಿಸಿಟ್ಟ ಹಾಗಿರೋ ಆ ಬಂಡೆಗಳ ಒಂದು ಅಂಚಿಂದ ಕೆಳಗಿನ ಅಂಚಿಗೆ ನೀರು ತೊಟ್ಟಿಕ್ತಾ ಇರುತ್ತೆ, ನಿಮ್ಮ ಕಾಲಬುಡದಲ್ಲಿರೋ ಬಂಡೆಯ ಸಣ್ಣ ಸಣ್ಣ ಗುಂಡಿಗಳಲ್ಲೂ ನೀರು ನಿಂತಿರುತ್ತೆ. ಎಲ್ರೂ ಸೂರ್ಯೋದಯ ಸೂರ್ಯೋದಯ ಅಂತ ಅಲಾರಂ ಇಟ್ಕೊಂಡು ಏಳ್ತಾರಲ್ಲ, ಮಳೆ ದಿನ ಆ ಆಸೆ ಬಿಟ್ಬಿಡಿ. ಆರಾಮಾಗಿ ಎದ್ದು ತಿಂಡಿ ತಿಂದು, ಮಳೆ ಬಿಟ್ಟ ಒಂದು ಗಂಟೆ ಆದ್ಮೇಲೆ ಹೋಗಿ. ನನ್ ಕೇಳಿದ್ರೆ ಆ ಜಾಗ ಚೆನ್ನಾಗಿ ಕಾಣೋದೇ ಆಗ.

ಆದ್ರೆ ಅಂಚಿಗೆ ಬೇಲಿ, ಕಂಬಿ ಏನೂ ಇಲ್ಲ ಅನ್ನೋದು ತಲೇಲಿರ್ಲಿ, ಕೆಳಗೆ 300 ಅಡಿ ಆಳ. ಒಣಗಿದ ಕ್ವಾರ್ಟ್ಜೈಟ್ ಮೇಲೆ ಕಾಲು ಚೆನ್ನಾಗಿ ಹಿಡಿಯುತ್ತೆ, ಅದೇ ಕಲ್ಲಿನ ಮೇಲೆ ಕಪ್ಪಗೆ ಒಂದು ಪಾಚಿ ಪೊರೆ ಇರುತ್ತೆ ನೋಡಿ, ಬಿಸಿಲಲ್ಲಿ ಅದು ಸತ್ತ ಬಣ್ಣದ ಕಲೆ ಥರ ಕಾಣುತ್ತೆ, ಒದ್ದೆಯಾದ್ರೆ ಮಾತ್ರ ಸೋಪು. ಕೆಂಪಾಗಿರೋ ಕಡೆ ಕಾಲಿಡಿ, ಕಪ್ಪಿರೋ ಕಡೆ ಇಡ್ಬೇಡಿ ಅಂತ ಮಗಳಿಗೆ ಮೊದಲೇ ಹೇಳ್ಕೊಡಿ. ಅಂಚಿಂದ ಎರಡಾಳು ಉದ್ದ ದೂರ ಇದ್ರೂ ನೋಟಕ್ಕೇನೂ ಕಮ್ಮಿ ಆಗಲ್ಲ. ಛತ್ರಿ ಬೇಡ, ಆ ಗಾಳಿಗೆ ಛತ್ರಿ ಜೊತೆ ನೀವೂ ತೂರಾಡ್ತೀರಾ.

ದಾರಿ ಕೇಳಿದ್ರೆ, ಬಾಗೇಪಲ್ಲಿ ದಾಟಿ ಗೋರಂಟ್ಲ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು ಮೇಲೆ ಹೆಚ್ಚುಕಮ್ಮಿ 280 ಕಿಲೋಮೀಟರ್. ಕತ್ತಲಾಗೋ ಮುಂಚೆ ತಲುಪೋ ಹಾಗೆ ಹೊರಡಿ. ಎಲ್ಲಾದ್ರೂ ರೋಡ್ ಮೇಲೆ ನೀರು ಹರೀತಿದ್ರೆ ಮುಂದಿನ ಲಾರಿ ಹೋಯ್ತು ಅಂತ ನೀವೂ ನುಗ್ಗಿಸ್ಬೇಡಿ. ಲಾರಿ ತೂಕ ಬೇರೆ, ನಿಮ್ಮ ಕಾರಿನ ತೂಕ ಬೇರೆ.

ಪ್ರಶ್ನೆ: ಗಂಡಿಕೋಟದ ನದಿ ನಮ್ಮೂರಿನ ಉತ್ತರ ಪಿನಾಕಿನಿನೇ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ನಮ್ಮಲ್ಲಿ ಅದು ವರ್ಷದಲ್ಲಿ ಬಹುಪಾಲು ದಿನ ಮರಳೇ. ಅಲ್ಲಿ ಫೋಟೋದಲ್ಲಿ ನೋಡಿದ್ರೆ ತುಂಬಿ ಹಸಿರಾಗಿ ನಿಂತಿರುತ್ತೆ. ಎರಡೂ ಒಂದೇ ನದೀನಾ? ಮಳೆಗಾಲದಲ್ಲಿ ಹೋದ್ರೆ ಇನ್ನೂ ತುಂಬಿರುತ್ತಾ?
ಓದುಗರು, ಗೌರಿಬಿದನೂರು

ಉತ್ತರ: ನಿಮ್ಮ ಮೇಷ್ಟ್ರಿಗೆ ನನ್ ಕಡೆಯಿಂದ ಒಂದು ನಮಸ್ಕಾರ ಹೇಳಿ. ಒಂದೇ ನದಿ. ನಂದಿ ಬೆಟ್ಟದ ಸಾಲಲ್ಲಿ ಹುಟ್ಟಿ, ನಿಮ್ಮೂರು ದಾಟಿ, ಹಿಂದೂಪುರದ ಕಡೆ ಆಂಧ್ರಕ್ಕೆ ಹೋಗಿ, ಪಾವಗಡದ ನಾಗಲಮಡಿಕೆ ಹತ್ರ ಮತ್ತೆ ನಮ್ಮ ರಾಜ್ಯಕ್ಕೆ ಬಂದು ಮುಖ ತೋರಿಸಿ, ವಾಪಸ್ ಆಂಧ್ರಕ್ಕೆ ಹೋಗಿ, ತಾಡಿಪತ್ರಿ, ಗಂಡಿಕೋಟ, ನೆಲ್ಲೂರು ಅಂತ 597 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತೆ. ದಾರೀಲಿ ತುಮಕೂರಿನ ದೇವರಾಯನದುರ್ಗದ ಜಯಮಂಗಲಿ, ಬಾಗೇಪಲ್ಲಿ ಮೇಲೆ ಹೋಗೋ ಚಿತ್ರಾವತಿ, ಎಲ್ಲ ನಮ್ಮ ಕಡೆಯವೇ ಬಂದು ಸೇರ್ಕೊಳ್ತವೆ.

ಆದ್ರೆ ನೀವು ಫೋಟೋದಲ್ಲಿ ನೋಡೋ ನೀರು ಬಹುಪಾಲು ನಿಮ್ಮೂರಿಂದ ಹೋಗಿದ್ದಲ್ಲ. ಅಲ್ಲಿನ ಕೊರಕಲಲ್ಲಿ ನೀರು ನಿಲ್ಲೋಕೆ ಕಾರಣ ಡ್ಯಾಮುಗಳು. ಕೋಟೆಯ ಮೇಲ್ಗಡೆ ಗಂಡಿಕೋಟ ಜಲಾಶಯ, ಹತ್ರತ್ರ 27 ಟಿಎಂಸಿ ಹಿಡಿಯುತ್ತೆ. ಕೆಳಗಡೆ ಮೈಲವರಂ ಜಲಾಶಯ, ಅದರ ಹಿನ್ನೀರು ಕೊರಕಲೊಳಗೆ ನುಗ್ಗಿ ನಿಂತಿರುತ್ತೆ. ಗಂಡಿಕೋಟ ಜಲಾಶಯಕ್ಕೆ ನೀರು ಬರೋದು ಗಾಲೇರು ನಗರಿ ಯೋಜನೆ ಕಾಲುವೆಯಿಂದ, ಆ ಕಾಲುವೆಗೆ ಶ್ರೀಶೈಲದ ಕೃಷ್ಣೆ ನೀರು, ಶ್ರೀಶೈಲಕ್ಕೆ ಎಲ್ಲಿಂದ ಬರುತ್ತೆ ಅಂತ ನಾನ್ ಹೇಳ್ಬೇಕಾಗಿಲ್ಲ, ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದಿದ್ದು. ಪೆನ್ನಾ ಕಣಿವೆಗೆ ಹೊಸಪೇಟೆ ಕಡೆಯ ತುಂಗಭದ್ರಾ ಮೇಲ್ಮಟ್ಟದ ಕಾಲುವೆ ನೀರೂ ಹರಿಯುತ್ತೆ. ಅಂದ್ರೆ ಆಗಸ್ಟಲ್ಲಿ ಪಶ್ಚಿಮ ಘಟ್ಟದಲ್ಲಿ ಬಿದ್ದ ಮಳೆನ ನೀವು ಅಕ್ಟೋಬರಲ್ಲಿ ಗಂಡಿಕೋಟದ ಬಂಡೆ ಮೇಲೆ ಕೂತು ನೋಡ್ತಿರ್ತೀರಾ. ಹಾಗಾಗಿ ಆ ದಿನ ಅಲ್ಲಿ ಮಳೆ ಬಂತಾ ಇಲ್ವಾ ಅನ್ನೋದಕ್ಕೂ ಕೊರಕಲಲ್ಲಿ ಎಷ್ಟು ನೀರಿದೆ ಅನ್ನೋದಕ್ಕೂ ಸಂಬಂಧ ಕಮ್ಮಿ. ಮಹಾರಾಷ್ಟ್ರದಲ್ಲಿ, ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಒಳ್ಳೆ ಮಳೆ ಆದ ವರ್ಷ ಹೋಗಿ, ತುಂಬಿರುತ್ತೆ. ಸ್ಥಳೀಯ ಮಳೆ ಜೋರಾಗಿದ್ರೆ ಹಸಿರು ಬಣ್ಣ ಹೋಗಿ ಕೆಮ್ಮಣ್ಣಿನ ನೀರು ಕಾಣುತ್ತೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಫ್ರೆಂಡ್ಸೆಲ್ಲ ಬೈಕಲ್ಲಿ ಹೋಗ್ತಿದೀವಿ ಅಣ್ಣ. ಮಳೇಲಿ ಅಂಚಿನ ಹತ್ರ ಟೆಂಟ್ ಹಾಕೋದು, ಬೆಳಗ್ಗೆ ಕಯಾಕಿಂಗ್ ಮಾಡೋದು ಪ್ಲಾನು. ಸೇಫಾ?
ಓದುಗ, ಹೊಸಕೋಟೆ

ಉತ್ತರ: ಇಲ್ಲ ತಮ್ಮಾ.

ಯಾಕೆ ಅಂತ ಕೇಳ್ತೀಯಾ, ಹೇಳ್ತೀನಿ. ಹಿಂಗಾರಿನ ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಕಟ್ಕೊಂಡು ಬರೋದು ಜಾಸ್ತಿ. ಆ ಬೋಳು ಬಯಲಲ್ಲಿ ಎತ್ತರವಾಗಿರೋದು ನೀನು, ನಿನ್ನ ಟೆಂಟಿನ ಕಡ್ಡಿ, ಅಷ್ಟೇ. ಮಿಂಚು ಕಂಡಾಗ ಎಣಿಸೋಕೆ ಶುರು ಮಾಡು, ಗುಡುಗು ಕೇಳೋ ಹೊತ್ತಿಗೆ ಮೂವತ್ತು ಸೆಕೆಂಡ್ ಆಗಿಲ್ಲ ಅಂದ್ರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಅಂತರ್ಥ, ಆಗ ಟೆಂಟಲ್ಲ, ರೂಮ್ ಬೇಕು, ಇಲ್ಲಾ ಮುಚ್ಚಿದ ಕಾರಾದ್ರೂ ಬೇಕು. ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗೋವರ್ಗೂ ಹೊರಗೆ ಬರ್ಬೇಡ. ಟೆಂಟ್ ಆಸೆ ಇದ್ರೆ ಡಿಸೆಂಬರ್, ಜನವರೀಲಿ ಹೋಗು, ಆಕಾಶ ತಿಳಿಯಾಗಿರುತ್ತೆ. ಕಯಾಕಿಂಗಿಗೆ ಮೇಲಿನ ಡ್ಯಾಮಿಂದ ನೀರು ಬಿಡೋ ದಿನಗಳಲ್ಲಿ ಇಳಿಯೋದು ಬೇಡ. ನಡೆಸೋರು ಏನೂ ಆಗಲ್ಲ ಬನ್ನಿ ಅಂದ್ರೂ ಲೈಫ್ ಜಾಕೆಟ್ ಇಲ್ದೆ ಕೂರ್ಬೇಡ. ಇನ್ನೊಂದು, ರೀಲ್ಸಿಗೋಸ್ಕರ ಅಂಚಲ್ಲಿ ಕಾಲು ಇಳಿಬಿಟ್ಟು ಕೂರೋ ಆ ಪೋಸು ಇದ್ಯಲ್ಲ, ಒದ್ದೆ ಬಂಡೆ ಮೇಲೆ ಕೂರೋದು ಸುಲಭ, ಏಳೋವಾಗ್ಲೇ ಕಾಲು ಜಾರೋದು.

ಪ್ರಶ್ನೆ: ಅತ್ತೆಯವ್ರಿಗೆ ಮಂಡಿನೋವು. ಕೊರಕಲು ನೋಡೋಕೆ ಅವ್ರ ಕೈಲಿ ಆಗುತ್ತಾ? ಮಳೆ ಬಂದ್ರೆ ಎಲ್ಲಿ ಕೂರಿಸೋದು?
ಓದುಗರು, ತುಮಕೂರು

ಉತ್ತರ: ಕೋಟೆ ಒಳಗೇ ಒಂದು ಊರಿದೆ, ಜನ ವಾಸ ಇದಾರೆ, ಹಾಗಾಗಿ ರೋಡ್ ಇದೆ. ರಶ್ ಇರೋ ದಿನ ಗಾಡಿ ಹೊರಗೇ ನಿಲ್ಲಿಸಿ ಅಂತಾರೆ, ಮಳೆ ದಿನ ಆ ರಶ್ ಇರಲ್ಲ, ನಿಮಗದು ಲಾಭವೇ. ಜುಮ್ಮಾ ಮಸೀದಿ, ಅದರ ಪಕ್ಕದ ಕಣಜ, ಮಾಧವರಾಯ ದೇವಸ್ಥಾನ, ಇಷ್ಟನ್ನ ನಿಧಾನಕ್ಕೆ ನಡೆದ್ರೆ ಅವ್ರು ನೋಡ್ಬಹುದು. ಆದ್ರೆ ಕೊರಕಲು ಕಾಣ್ಬೇಕು ಅಂದ್ರೆ ಕೊನೆಯ ಒಂದಷ್ಟು ದೂರ ಬಂಡೆಯಿಂದ ಬಂಡೆಗೆ ಹತ್ತಿ ಇಳೀಬೇಕು, ಒದ್ದೇಲಿ ಮಂಡಿನೋವಿನವ್ರಿಗೆ ಅದು ಬೇಡವೇ ಬೇಡ, ಹಿಡ್ಕೊಂಡು ಕರ್ಕೊಂಡು ಹೋಗ್ತೀವಿ ಅಂತ ಹುಮ್ಮಸ್ಸು ಮಾಡ್ಬೇಡಿ.

ಮಳೆ ಬಂದ್ರೆ ಕಣಜದಲ್ಲಿ ಕೂರ್ಸಿ. ದಪ್ಪ ಗೋಡೆ, ಕಮಾನಿನ ಚಾವಣಿ, ಒಳಗೆ ಮಾತಾಡಿದ್ರೆ ದನಿ ಗುಂಯ್ ಅನ್ನುತ್ತೆ. ಮಾಧವರಾಯ ದೇವಸ್ಥಾನದ ಮಂಟಪದಲ್ಲೂ ಕೂರ್ಬಹುದು, ವಿಜಯನಗರ ಶೈಲಿ ಕಂಬಗಳು, ಹಂಪಿ ನೋಡಿದವ್ರಿಗೆ ಪರಿಚಯದ ಕೆಲಸ. ಅತ್ತೆಯವ್ರಿಗೆ ಕಥೆ ಇಷ್ಟ ಇದ್ರೆ ಹೇಳಿ, ವಿಜಯನಗರದ ಸಾಮಂತರಾಗಿದ್ದ ಪೆಮ್ಮಸಾನಿ ನಾಯಕರು ಈ ಕೋಟೆ ಆಳಿದ್ರು, ಆಮೇಲೆ ಗೋಲ್ಕೊಂಡದ ಸೇನಾಪತಿ ಮೀರ್ ಜುಮ್ಲಾ ಇದನ್ನ ಹಿಡ್ಕೊಂಡ, ಫ್ರಾನ್ಸಿನ ವಜ್ರದ ವ್ಯಾಪಾರಿ ತಾವೆರ್ನಿಯೆ 1652ರಲ್ಲಿ ಅವನನ್ನ ಹುಡ್ಕೊಂಡು ಇಲ್ಲಿಗೇ ಬಂದಿದ್ದ, ಅದೂ ಸೆಪ್ಟೆಂಬರಲ್ಲಿ, ಮಳೆ ಟೈಮಲ್ಲೇ. ನೀವೆಲ್ಲ ಸರದಿ ಮೇಲೆ ಕೊರಕಲು ನೋಡಿ ಬನ್ನಿ, ಅವ್ರ ಜೊತೆ ಒಬ್ರು ಇರಿ.

ಪ್ರಶ್ನೆ: ನಾವು ಬಳ್ಳಾರಿಯಿಂದ ಹೊಂಟೀವಿ ಸರ್. ಮಳಿ ಜೋರಾಗಿ ಕೊರಕಲ ಕಡೆ ಹೋಗಾಕ ಆಗ್ಲಿಲ್ಲಂದ್ರ ದಿನ ವೇಸ್ಟ್ ಆಗ್ತದನ್ರಿ? ಊಟದ ಕಥಿ ಏನು?
ಓದುಗರು, ಬಳ್ಳಾರಿ

ಉತ್ತರ: ನಿಮಗೆ ದಾರೀಲೇ ಬೇಕಾದಷ್ಟಿದೆ. ಗುಂತಕಲ್, ಗುತ್ತಿ ಮೇಲೆ ತಾಡಿಪತ್ರಿಗೆ ಬಂದ್ರೆ ಪೆನ್ನಾ ದಂಡೇಲಿ ಬುಗ್ಗ ರಾಮಲಿಂಗೇಶ್ವರ ದೇವಸ್ಥಾನ ಇದೆ, ಅದರ ಪೂರ್ತಿಯಾಗದ ಗೋಪುರಗಳ ಕೆತ್ತನೆಗೆ ಒಂದು ಗಂಟೆ ಸಾಲಲ್ಲ, ಊರೊಳಗಿನ ಚಿಂತಲ ವೆಂಕಟರಮಣ ದೇವಸ್ಥಾನದಲ್ಲಿ ಕಲ್ಲಿನ ರಥಾನೂ ಇದೆ. ಬೇಲಂ ಗುಹೆ ಗಂಡಿಕೋಟದಿಂದ 60 ಕಿಲೋಮೀಟರ್ ಆಸುಪಾಸು. ಒಟ್ಟು 3,229 ಮೀಟರ್ ಉದ್ದದ ಗುಹೆ, ಒಂದೂವರೆ ಕಿಲೋಮೀಟರ್ ಒಳಗೆ ಬಿಡ್ತಾರೆ, ಲೈಟು ಇದೆ. ಒಳಗೆ ಸೆಕೆ ಮಾತ್ರ ಸಿಕ್ಕಾಪಟ್ಟೆ, ಉಸಿರಿನ ತೊಂದರೆ ಇದ್ದವ್ರು ಬೇಡ. ತುಂಬಾ ಜೋರು ಮಳೆ ಆದ್ಮೇಲೆ ಹೋಗೋದಾದ್ರೆ ಬಿಟ್ಟಿದಾರಾ ಇಲ್ವಾ ಅಂತ ಮೊದಲೇ ಕೇಳ್ಕೊಳ್ಳಿ, ಯಾಕಂದ್ರೆ ಅದು ಸುಣ್ಣಕಲ್ಲಿನ ಗುಹೆ, ನೀರು ಕೊರೆದೇ ಆಗಿದ್ದು.

ಊಟಕ್ಕೆ ಕೋಟೆ ಹತ್ರ ಆಯ್ಕೆ ಕಮ್ಮಿ, ಆಂಧ್ರ ಪ್ರವಾಸೋದ್ಯಮದವ್ರ ಹರಿತ ಹೋಟೆಲ್ ಇದೆ, ಬಿಟ್ರೆ ಸಣ್ಣಪುಟ್ಟ ಅಂಗಡಿಗಳು. ಜಮ್ಮಲಮಡುಗಲ್ಲೇ ತಿಂದು ಹೋಗೋದು ವಾಸಿ. ರಾಗಿ ಸಂಗಟಿ, ನಾಟಿಕೋಳಿ ಪುಲುಸು (ಸಾರು) ಸಿಕ್ರೆ ಬಿಡ್ಬೇಡಿ, ಸಂಗಟಿ ನಮ್ಮ ಮುದ್ದೆಗಿಂತ ಸ್ವಲ್ಪ ಮೆತ್ತಗೆ, ಒಳಗೆ ಅನ್ನ ಸೇರಿರುತ್ತೆ. ಬೆಳಗ್ಗೆ ಉಗ್ಗಾಣಿ ಮಿರ್ಚಿನೂ ಸಿಗುತ್ತೆ, ಆದ್ರೆ ಬಳ್ಳಾರಿಯವ್ರಿಗೆ ಅದರ ರುಚಿ ನಾನು ಹೇಳಿದ್ರೆ ನಗ್ತೀರಾ.

ಪ್ರಶ್ನೆ: ಶೂ ಯಾವ್ದು ಹಾಕೋದು?
ಓದುಗರು, ಮೈಸೂರು

ಉತ್ತರ: ಅಡಿ ಸವೆಯದೇ ಇರೋ, ಗೀರು ಗೀರಾಗಿರೋ ಯಾವ ಶೂ ಆದ್ರೂ ಸರಿ. ಕ್ರಾಕ್ಸ್ ಬೇಡ. ಇನ್ನೊಂದು ಜೊತೆ ಸಾಕ್ಸ್ ಕಾರಲ್ಲಿರ್ಲಿ.